ತೂಕದ ಬಟ್ಟಿನ ಪೆಟ್ಟಿಗೆ

ಅಂಗಡಿಯಿಂದ
ತಾರೀಕು ಹದಿನಾಲ್ಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಯಜಮಾನಿಯವರಿಗೆ,

ಹೇಗಿದ್ದೀಯ? ಅಲ್ಲಿ ಸುರಂಗ ಕೊರೆಯುವ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಕ್ಯಾಂಟೀನಿನ ಒಲೆ ಮುಂದೆ ನಿಂತು ನಿಂತು ಕಾಲು ಊದುತ್ತದೆ ಎಂದಿದ್ದೆ, ಮಲಗುವಾಗ ಕಾಲಡಿಗೆ ದಿಂಬು ಇಟ್ಟುಕೋ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಈ ಸಲ ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಡೆ ಸಿಗ್ನಲ್ ಸಿಗುವುದೇ ಅಪರೂಪ, ಸಿಕ್ಕಾಗ ಮಗಳು ನನ್ನ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ನಿಮ್ಮ ಕ್ಯಾಂಟೀನಿಗೆ ತರಕಾರಿ ತರುವ ಲಾರಿ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಒಲೆ ಮುಂದೆ ನಿಂತು ಓದಬೇಡ, ಎಲ್ಲಾದರೂ ಕೂತು ಓದು.

ನಮ್ಮ ಮಗಳು ಗುಲಗಂಜಿ ಸುಧಾರಿಸುತ್ತಿದ್ದಾಳೆ, ತೂಕ ಏರುತ್ತಿದೆ ಎಂದು ಹಿಂದಿನ ಮೂರು ಕಾಗದಗಳಲ್ಲಿ ಬರೆದಿದ್ದೆನಲ್ಲ, ಅದು ನಿಜವಲ್ಲ. ಅವಳು ಇಳಿಯುತ್ತಿದ್ದಾಳೆ. ಕೈ ಮುಟ್ಟಿದರೆ ತಣ್ಣಗೆ, ಬಿಸಿಲಲ್ಲೂ ಉದ್ದ ಕೋಟು ಹಾಕಿಕೊಂಡೇ ಇರುತ್ತಾಳೆ. ಬಾಚಣಿಗೆಯಲ್ಲಿ ಕೂದಲು ಉಂಡೆ ಉಂಡೆಯಾಗಿ ಬರುತ್ತದೆ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಏನೋ ಮರೆತವಳ ಹಾಗೆ ನಟಿಸಿ, ಉಸಿರು ತೆಗೆದುಕೊಳ್ಳುತ್ತಾಳೆ. ಹದಿನೇಳು ವರ್ಷದ ಹುಡುಗಿ!

ಮೊದಮೊದಲು ನೀನು ಫೋನಿನಲ್ಲಿ "ಎರಡು ಬಾರಿಸಿ, ತಾನಾಗೇ ತಿಂತಾಳೆ" ಅಂದಿದ್ದೆ. ನಿನ್ನನ್ನು ದೂರುತ್ತಿಲ್ಲ, ನಾನೂ ಅದು ವಯಸ್ಸಿನ ಹಟ ಎಂದೇ ತಿಳಿದಿದ್ದೆ. ಕ್ಲಿನಿಕ್ಕಿನ ಡಾಕ್ಟರಮ್ಮ ಮೊದಲ ದಿನವೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಇದರ ಹೆಸರು ಅನೊರೆಕ್ಸಿಯಾ, ಕಾಯಿಲೆ, ಅವಳ ತಪ್ಪೂ ಅಲ್ಲ, ನಮ್ಮ ತಪ್ಪೂ ಅಲ್ಲ. ಕನ್ನಡಿಯಲ್ಲಿ ನಮಗೆ ಕಾಣುವ ಹುಡುಗಿ ಅವಳಿಗೆ ಕಾಣುವುದಿಲ್ಲವಂತೆ. ಔಷಧಿ ಏನು ಎಂದು ಕೇಳಿದೆ. "ಊಟವೇ ಔಷಧಿ, ಕೊಡೋರು ನೀವು" ಅಂದರು. ದಿನಕ್ಕೆ ಮೂರು ಊಟ, ಮೂರು ತಿಂಡಿ, ಏನು ಎಷ್ಟು ಎಂಬುದನ್ನು ಈಗ ಅವಳ ಕೈಗೆ ಬಿಡಬಾರದು. ತಟ್ಟೆ ಮುಗಿಯುವವರೆಗೆ ಪಕ್ಕದಲ್ಲಿ ಕೂರಬೇಕು, ಮುಗಿದ ಮೇಲೂ ಒಂದು ಗಂಟೆ. ಬೈಯುವಂತಿಲ್ಲ, ಗೋಗರೆಯುವಂತಿಲ್ಲ, ವಾದಕ್ಕಂತೂ ಇಳಿಯಲೇಬಾರದು. ಹಸಿದ ಮಿದುಳಿಗೆ ಬುದ್ಧಿಮಾತು ನಾಟುವುದಿಲ್ಲವಂತೆ. ಮೊದಲು ಮೈ ಚೇತರಿಸಬೇಕು, ಆಮೇಲೆ ಮನಸ್ಸಿನ ಮಾತು. ವರ್ಷ ಹಿಡಿಯಬಹುದು, ಇನ್ನೂ ಹೆಚ್ಚೇ ಆಗಬಹುದು, ಆದರೆ ವಾಸಿಯಾಗುತ್ತಾರೆ ಅಂದರು. ಅಲಕ್ಷ್ಯ ಮಾಡಿದರೆ ಹೃದಯವೇ ಕೈಕೊಡಬಹುದು ಎಂದೂ ಅಂದರು. ಆ ಮಾತನ್ನು ನಿನಗೆ ಬರೆಯದೆ ನುಂಗಿಕೊಂಡೆ.

ಕೂತೆ ಕಣೇ, ಆರು ಹೊತ್ತೂ ಕೂತೆ. ಒಂದು ಹೋಳು ಬ್ರೆಡ್ಡಿಗೆ ಮುಕ್ಕಾಲು ಗಂಟೆ. ಚೂರು ಮಾಡಿ, ಚೂರಿನ ಚೂರು ಮಾಡಿ, ತಟ್ಟೆಯ ಸುತ್ತ ಹರಡುತ್ತಾಳೆ. ಬೆಣ್ಣೆಯನ್ನು ಮೇಜಿನ ಅಡಿಗೆ ಒರೆಸಿದ್ದು ನನಗೆ ಸಿಕ್ಕಿದ್ದು ಒಂದು ವಾರದ ಮೇಲೆ. ವಿಚಿತ್ರವೆಂದರೆ ಅಡುಗೆಯೆಲ್ಲ ಅವಳೇ ಮಾಡುತ್ತಾಳೆ, ನನಗೆ ಒತ್ತಾಯಿಸಿ ಬಡಿಸುತ್ತಾಳೆ, "ಅಪ್ಪಾ, ಇನ್ನೊಂಚೂರು ಹಾಕ್ಲಾ?" ಅಂತ. ಈ ಮನೆಯಲ್ಲಿ ತೂಕ ಏರಿದ್ದು ನನ್ನೊಬ್ಬನದೇ. ನೀನು ಅಲ್ಲಿ ಮುನ್ನೂರು ಜನರಿಗೆ ಬಡಿಸುವವಳು, ನಿನ್ನ ಮಗಳ ಬಾಯಿಗೆ ಒಂದು ತುತ್ತು ಹಾಕಿಸಲಾರದೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದೇನೆ.

ಈಗ ಮುಖ್ಯ ವಿಷಯ. ಮೊದಲ ಸಲ ಕ್ಲಿನಿಕ್ಕಿಗೆ ಹೋದಾಗ ಅಲ್ಲಿನ ತೂಕದ ಯಂತ್ರ ನನ್ನ ಕಣ್ಣಿಗೆ ಸರಿ ಕಾಣಲಿಲ್ಲ. ತಕ್ಕಡಿ ರಿಪೇರಿಯವನ ಬುದ್ಧಿ ಎಲ್ಲಿ ಹೋಗುತ್ತದೆ! ಮಾರನೇ ದಿನವೇ ನನ್ನ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಒಂದೊಂದೇ ಬಟ್ಟು ಇಟ್ಟು ಪರೀಕ್ಷಿಸಿ, ಮುಳ್ಳು ಸರಿಮಾಡಿ ಕೊಟ್ಟೆ. ಗುಲಗಂಜಿಯೇ ನನಗೆ ಬಟ್ಟುಗಳನ್ನು ಎತ್ತಿ ಎತ್ತಿ ಕೊಟ್ಟಳು. ಡಾಕ್ಟರಮ್ಮ ನಕ್ಕರು. ನಾನು ದೊಡ್ಡ ಮನುಷ್ಯನ ಹಾಗೆ "ಇನ್ನು ಇದು ಸುಳ್ಳು ಹೇಳಲ್ಲ ಮೇಡಂ" ಅಂದೆ. ಹಿಂದಿನ ಮೂರು ಶುಕ್ರವಾರ ಅವಳು ಚಳಿ ಎಂದು ಕೋಟು ಬಿಚ್ಚದೆಯೇ ಹತ್ತಿ ನಿಂತಳು, ಮುಳ್ಳು ಮೇಲೇರಿತು. ನಾನು ಹಿಗ್ಗಿ ಹೀರೆಕಾಯಿಯಾಗಿ ನಿನಗೆ ಬರೆದೆ. ಆದರೆ ಹೋದ ವಾರ ಡಾಕ್ಟರಮ್ಮ ಅವಳ ನಾಡಿ ಹಿಡಿದು ಗಡಿಯಾರ ನೋಡುತ್ತಾ ಎರಡೆರಡು ಸಲ ಎಣಿಸಿದರು. ತೂಕ ಏರುತ್ತಿದೆ, ನಾಡಿ ಮಾತ್ರ ನಿಧಾನವಾಗುತ್ತಿದೆ, ಎರಡಕ್ಕೂ ತಾಳೆಯಾಗುತ್ತಿಲ್ಲ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ನನ್ನ ಮುಖ ಬೆವರಿತು.

ನಿನ್ನೆ ಮಧ್ಯಾಹ್ನ ಅವಳು ಕಂಬಳಿ ಹೊದ್ದು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಗೂಟಕ್ಕೆ ಹಾಕಿದ್ದ ಕೋಟು ಒಗೆಯಲು ಎಂದು ತೆಗೆದರೆ ಕೈ ಜಗ್ಗಿತು. ಅಂಚಿನೊಳಗೆ ಅಚ್ಚುಕಟ್ಟಾಗಿ ಹೊಲಿದ ಮೂರು ಬಟ್ಟು. ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ, ಇಪ್ಪತ್ತೆರಡು ವರ್ಷ ಕೈಯಲ್ಲಿ ಹಿಡಿದವು. ಯಂತ್ರ ಸರಿಯಾಗಿಯೇ ತೂಗಿತ್ತು, ತೂಗಿದ್ದು ಮಾತ್ರ ಅವಳೊಬ್ಬಳನ್ನಲ್ಲ. ಅವಳಿಗೆ ಎಚ್ಚರವಾಯಿತು. ನನ್ನ ಕೈಯಲ್ಲಿದ್ದ ಕೋಟು ನೋಡಿ "ಅಪ್ಪಾ, ಹೇಳ್ಬೇಡ. ನಿನ್ ಕಾಲಿಗೆ ಬೀಳ್ತೀನಿ, ಅವ್ರು ನನ್ನ ಅಲ್ಲೇ ಇಟ್ಕೋತಾರೆ" ಅಂದಳು. ಆ ದನಿ ನಮ್ಮ ಮಗಳದಲ್ಲ, ಕಾಯಿಲೆಯದು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದಾರೆ. ಆದರೆ ನೀರು ತುಂಬಿದ ಆ ಕಣ್ಣು ನಮ್ಮ ಮಗಳದೇ ಕಣೇ.

ಹೇಳಿದರೆ ಆಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲಿ ಹಗಲಿರುಳೂ ಹೃದಯ ನೋಡಿಕೊಳ್ಳುತ್ತಾರೆ. ಹಸಿದ ಮೈಗೆ ಒಮ್ಮೆಲೇ ತಿನ್ನಿಸಿದರೂ ಅಪಾಯವಂತೆ, ರಕ್ತ ಪರೀಕ್ಷೆ ಮಾಡುತ್ತಾ ನಿಧಾನಕ್ಕೆ ಏರಿಸುತ್ತಾರೆ, ಬೇಕಾದರೆ ಮೂಗಿನ ನಳಿಕೆಯಲ್ಲಿ. ಹೇಳದಿದ್ದರೆ ಅವಳು ನನ್ನನ್ನು ಕ್ಷಮಿಸುತ್ತಾಳೆ, ಆದರೆ ಎಷ್ಟು ದಿನ ಇರುತ್ತಾಳೋ ಗೊತ್ತಿಲ್ಲ. ನಾಳೆ ಶುಕ್ರವಾರ. ಹೇಳುತ್ತೇನೆ ಎಂದುಕೊಂಡಿದ್ದೇನೆ. ನೀನು ಪಕ್ಕದಲ್ಲಿ ನಿಂತಿದ್ದರೆ ನಾಲಿಗೆ ಏಳುತ್ತಿತ್ತು.

ನಿನ್ನ ಕೈಕೆಳಗಿನ ಹುಡುಗಿಯರಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಕಾಲು ಜೋಪಾನ, ಮೈ ಜೋಪಾನ.

ಎಂದಿಗೂ ನಿನ್ನವನೇ ಆದ,
ತಕ್ಕಡಿಯವ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಗೊತ್ತಾಯಿತು ಎಂಬಂತೆ ಮೇಲೆ ಬರೆದೆನಲ್ಲ, ಅದೂ ಸುಳ್ಳು. ದಿನಕ್ಕೆ ಹತ್ತು ಸಲ ನಾನು ತೆರೆಯುವ ಬಟ್ಟಿನ ಪೆಟ್ಟಿಗೆ ಅದು, ನಿನಗೆ ಗೊತ್ತು. ಮೂರು ವಾರದಿಂದ ಬಟ್ಟು ಕೂರುವ ಕುಳಿ ವಾರಕ್ಕೊಂದು ಖಾಲಿಯಾಗುತ್ತಾ ಬಂತು, ಮೊದಲನೆಯದನ್ನು ಅಂದೇ ನೋಡಿದೆ. ಯಾರು ತೆಗೆದಿರಬಹುದು, ಯಾಕೆ ಎಂದು ಆ ಕ್ಷಣವೇ ಹೊಳೆಯಿತು. ಮುಚ್ಚಳ ಹಾಕಿದೆ. ಮುಳ್ಳು ಏರಿದಾಗ ಅವಳು ನಗುತ್ತಿದ್ದಳು, ಆ ನಗು ನನಗೆ ಬೇಕಿತ್ತು. ಈಗಷ್ಟೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ನಾಳೆವರೆಗೆ ಕಾಯಬೇಡಿ, ಈಗಲೇ ಕರೆತನ್ನಿ ಅಂದರು. ಗುಲಗಂಜಿ ಒಳಗೆ ನನಗೆ ಬೆನ್ನು ತಿರುಗಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಲಾರಿ ಹಾರನ್ ಹೊಡೆಯುತ್ತಿದೆ. ತರಕಾರಿ ಇಳಿಸಿ ಅದು ನಾಳೆಯೇ ವಾಪಸು ಹೊರಡುತ್ತದೆ, ರಜೆ ಕೊಡದಿದ್ದರೂ ಅದರಲ್ಲಿ ಹತ್ತಿ ಬಾ. ಅವಳನ್ನು ನನ್ನೊಬ್ಬನ ಕೈಗೆ ಬಿಡಬೇಡ.