ಕುಸುಮಾ ತನ್ನ ಮನೆಗೆ ಹೊರಟಳು

ತಮ್ಮಾ ಪ್ರಾಣೇಶಾ,

ಹುಳಿ ಒಲೆಯ ಮೇಲಿದೆ, ನೀನೇ ಬಡಿಸಿಕೋ. ಕುಸುಮಾಳನ್ನು ಹುಡುಕಬೇಡ, ನನ್ನ ಜೊತೆ ಇದ್ದಾಳೆ.

ಬುದ್ಧಿ ಬೆಳೆಯದ ತಂಗಿ ಎಂದು ನಲವತ್ತು ವರ್ಷ ನಾನೇ ಅವಳ ಜಡೆ ಹೆಣೆದೆ. ಅವಳಂಥವರು ಕೂಡಿ ಬಾಳುವ ರಾಯಚೂರಿನ ಆಸರೆಮನೆಗೆ ಕಳಿಸಿ ಎಂಟು ತಿಂಗಳಾಗಿಲ್ಲ, ನಾಲ್ಕು ದಿನಕ್ಕೆಂದು ಇಲ್ಲಿಗೆ ಬಂದವಳು ಇವತ್ತು ತಾನೇ ಜಡೆ ಹಾಕಿಕೊಂಡು ಚೀಲ ಹಿಡಿದು ನಿಂತಳು.

"ಅಕ್ಕಾ, ನಾ ಮನಿಗೆ ಹೋಗ್ತೀನಿ. ಸಂಜಿ ಭಜನಿಗೆ ತಾಳ ಹಾಕಾಕಿ ನಾನಽ."

"ಇದು ನಿನ್ನ ಮನಿ ಅಲ್ಲೇನ?"

"ಇದು ನಿಮ್ಮ ಮನಿ ಅದ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳನ್ನು ಕಾಯಂ ಮಾನ್ವಿಯಲ್ಲೇ ಇಟ್ಟುಕೊಳ್ಳೋಣವೆಂದು ನಿನ್ನೆ ನಿನ್ನೊಂದಿಗೆ ಜಗಳಾಡಿದವಳು ನಾನೇ.

ಬಸ್ಸಿನಲ್ಲಿ ಒಬ್ಬಳೇ ಹೋಗುತ್ತಾಳಂತೆ. ನಾನು ಬಸ್‌ ಸ್ಟ್ಯಾಂಡಿನಿಂದಲೇ ಮರಳಬೇಕಂತೆ. ಹೂಂ ಅಂದಿದ್ದೇನೆ. ಆದರೆ ಅವಳು ಹತ್ತಿದ ಮೇಲೆ ತಲೆತುಂಬ ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಕೂಡುತ್ತೇನೆ.

ಅಹಲ್ಯಕ್ಕ