ಒಳಗಿನ ಕುರ್ಚಿ

ಲೆಡ್ಬರಿ
ಸೋಮವಾರ, ಮೇ ೪, ೧೯೩೬

ಪ್ರಿಯ ಕ್ಲೆಮೆಂಟ್,

ತಂತಿವಾದ್ಯಗಳಿಗೆ ಸಂಗೀತ ಬರೆಯುವ ಮನುಷ್ಯ ಈ ಎರಡು ವರ್ಷಗಳಲ್ಲಿ ಹೆಂಡತಿಗೆ ಒಂದು ತಂತಿಯನ್ನಾದರೂ ಕಳಿಸಬಹುದಿತ್ತು. ಕೊನೆಗೂ ಏನೋ ಕಳಿಸಿದೆ, ಅದೂ ನನಗಲ್ಲ, ನಮ್ಮ ವೃಂದವನ್ನು ನಡೆಸುವ ಮಿಸ್ ಟ್ರಾಂಟರ್‌ಗೆ. ಕಂದು ಕಾಗದದ ಕಟ್ಟಿನೊಳಗೆ ನಮ್ಮ ಊರಿನ ವಾದ್ಯವೃಂದಕ್ಕೆಂದೇ ಬರೆದ ಹೊಸ ಕೃತಿ, ಪ್ರತಿಯೊಬ್ಬರ ಹಾಳೆಯೂ ನಿನ್ನದೇ ಕೈಬರಹದಲ್ಲಿ. ಜೊತೆಗೆ ಒಂದು ಸಾಲಿನ ಚೀಟಿಯೂ ಇರಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ಶನಿವಾರ ಚರ್ಚಿನಲ್ಲಿ ಕಛೇರಿ. ಆರಂಭಕ್ಕೆ ಪರ್ಸೆಲ್‌ನ ಕೃತಿ, ನಂತರ ಎಲ್ಗರ್‌ನದು, ಆಮೇಲೆ ನೀನು, ಆಮೇಲೆ ಚಹಾ. ಮಿಸೆಸ್ ಗಾಡ್ಸಾಲ್ ಸೋಂಪಿನ ಕೇಕು ಮಾಡುತ್ತಾಳಂತೆ, ಆದ್ದರಿಂದ ನಿನ್ನ ಸರದಿಯಲ್ಲಿ ಯಾರೂ ಎದ್ದು ಹೋಗಲಾರರು. ಹಿಂದಿನ ಕೃತಿಯನ್ನು ನಾನು ‘ಮೀಸೆ ಬೋಳಿಸಿದ ಎಲ್ಗರ್’ ಎಂದದ್ದಕ್ಕಲ್ಲವೇ ನೀನು ಪೆಟ್ಟಿಗೆ ಕಟ್ಟಿ ಲಂಡನ್ನಿಗೆ ಹೊರಟದ್ದು? ಇದು ಹಾಗಿಲ್ಲ. ಇದರ ಮುಖ ನಿನ್ನದೇ. ನಿಧಾನ ಭಾಗದಲ್ಲಿ ಮಿಸ್ ಟ್ರಾಂಟರ್ ಕೋಲು ಬೀಸುವುದನ್ನು ಮರೆತು ಸುಮ್ಮನೆ ನಿಂತುಬಿಟ್ಟರು. ತಾಳವಿಲ್ಲದೆಯೂ ನಾವೆಲ್ಲ ಒಟ್ಟಿಗೇ ಇದ್ದೆವು. ನಮ್ಮಿಬ್ಬರ ಮನೆಯಲ್ಲಿ ತಾಳ್ಮೆಯಿಲ್ಲದೆ ಅದು ಸಾಧ್ಯವಾಗಲಿಲ್ಲ, ಇರಲಿ.

ಈಗ ಕೆಟ್ಟ ಸುದ್ದಿ. ಲಂಡನ್ನಿನ ಗದ್ದಲದಲ್ಲಿ ನೀನು ಮರೆತಿರಬಹುದು, ನಮ್ಮಲ್ಲಿ ಪಿಟೀಲಿನ ದೊಡ್ಡಕ್ಕ ಈ ವಿಯೋಲಾ ನುಡಿಸುವವರು ಇಬ್ಬರೇ, ಇಬ್ಬರಿಗೂ ಹಾಳೆ ಇಡುವ ಸ್ಟ್ಯಾಂಡ್ ಒಂದೇ. ಕೇಳುಗರ ಕಡೆಯ ಹೊರಗಿನ ಕುರ್ಚಿಯಲ್ಲಿ ನಾನು ನುಡಿಸುತ್ತಲೇ ಇರಬೇಕು, ಒಳಗಿನ ಕುರ್ಚಿಯವನು ನುಡಿಸುವುದನ್ನು ನಿಲ್ಲಿಸಿ ಪುಟ ತಿರುಗಿಸಬೇಕು. ನೀನು ಎದ್ದುಹೋದ ಆ ಕುರ್ಚಿಯಲ್ಲಿ ಈಗ ದಂತವೈದ್ಯ ಪ್ರೀಸ್ ಕೂರುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಕಸುಬಿನ ಅಭ್ಯಾಸ ನೋಡು, ಸ್ವರವನ್ನು ಮೊದಲು ಅಲ್ಲಾಡಿಸಿ ಆಮೇಲೆ ಕೀಳುತ್ತಾರೆ.

ನಿಧಾನ ಭಾಗದ ನಡುವೆ ಎಲ್ಲರನ್ನೂ ಸುಮ್ಮನಾಗಿಸಿ ವಿಯೋಲಾಗಳಿಗೆ ಮಾತ್ರ ಎರಡು ಸ್ವರ ಬಿಟ್ಟಿದ್ದೀಯಲ್ಲ, ಮೇಲಿನದು ನನಗೆ, ಕೆಳಗಿನದು ಪಕ್ಕದವರಿಗೆ? ಸರಿಯಾಗಿ ಅಲ್ಲೇ ಪುಟ ಮುಗಿಯುತ್ತದೆ. ಪ್ರೀಸ್ ವಿಯೋಲಾ ಇಳಿಸಿ ಪುಟಕ್ಕೆ ಕೈ ಹಾಕಿದರು. ಕೆಳಗಿನ ಸ್ವರ ಮಾಯವಾಗಿ, ನನ್ನದೊಂದೇ ಒಣಹಾಕಿದ ಒಂಟಿ ಕಾಲುಚೀಲದ ಹಾಗೆ ನೇತಾಡಿತು. ಇನ್ನೊಮ್ಮೆ ಅವರು ಸ್ವರ ಬಿಡಲಿಲ್ಲ, ಪುಟ ತಿರುಗಲಿಲ್ಲ, ಮುಂದೇನು ನುಡಿಸಬೇಕೆಂದು ನನಗೆ ತಿಳಿಯಲಿಲ್ಲ.

“ಲಂಡನ್ ನೀರು ಕುಡಿದ ಮೇಲೆ ನಿನ್ನ ಗಂಡನಿಗೆ ನಮಗೆಲ್ಲ ಮೂರು ಕೈ ಇದ್ದ ಹಾಗೆ ಕಾಣುತ್ತೆ ಕಣೇ,” ಎಂದರು ಮಿಸ್ ಟ್ರಾಂಟರ್. “ಅಷ್ಟು ವರ್ಷ ಅದೇ ಕುರ್ಚೀಲಿ ಕೂತವನು. ಪುಟ ಎಲ್ಲಿ ಮುಗಿಸ್ಬೇಕು ಅಂತ ಗೊತ್ತಾಗ್ಬೇಡ್ವಾ?”

ಚೆಲ್ಲೋ ಹಿಂದಿನಿಂದ ಮಿಸೆಸ್ ಗಾಡ್ಸಾಲ್ ಸೇರಿಸಿದಳು: “ತಿರುಗಿ ನೋಡದೆ ಹೋದವನಿಗೆ ಪುಟ ತಿರುಗಿಸೋದು ಎಲ್ಲಿ ನೆನಪಿರುತ್ತೆ, ಬಿಡಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಅವರು ನನ್ನನ್ನು ನೋಡಿ ಮರುಗುತ್ತಿದ್ದರು. ಗುರುವಾರದ ಅಭ್ಯಾಸದಲ್ಲಿ ಸರಿಹೋಗದಿದ್ದರೆ ನಿನ್ನ ಕೃತಿಯನ್ನು ಕೈಬಿಟ್ಟು, ಪರ್ಸೆಲ್‌ನದೇ ಇನ್ನೊಂದನ್ನು ನುಡಿಸುವುದೆಂದು ತೀರ್ಮಾನವಾಗಿದೆ.

ನಿನ್ನೆ ಊಟವಾದ ಮೇಲೆ ಆ ಹಾಳೆಯನ್ನು ಚಹಾದ ಕೆಟಲಿಗೆ ಒರಗಿಸಿ, ನನ್ನದಲ್ಲದ ಕೆಳಗಿನ ಸಾಲನ್ನು ನುಡಿಸಿ ನೋಡಿದೆ. ಪುಟದ ಕೊನೆಗೆ ಬಂದಾಗ ನನ್ನ ಎಡಗೈಗೆ ಕೆಲಸವೇ ಇರಲಿಲ್ಲ. ಅದು ಅತಿ ದಪ್ಪ ತಂತಿಯ ಸ್ವರ, ಬೆರಳು ಒತ್ತದೆ ಬಿಟ್ಟು ನುಡಿಸುವಂಥದ್ದು. ವಿಯೋಲಾವನ್ನು ಗಲ್ಲದಲ್ಲೇ ಕಚ್ಚಿ ಹಿಡಿದು, ಬಲಗೈಯಲ್ಲಿ ಕಮಾನು ಎಳೆಯುತ್ತ, ಎಡಗೈಯಲ್ಲಿ ಸದ್ದಿಲ್ಲದೆ ಪುಟ ತಿರುಗಿಸಬಹುದು. ಹಾಗೆ ಮಾಡಿ ನನ್ನತ್ತ ಹುಬ್ಬು ಹಾರಿಸುತ್ತಿದ್ದ ಒಬ್ಬನೇ ಒಬ್ಬ ಜಂಭಗಾರ ನಮ್ಮ ವೃಂದದಲ್ಲಿದ್ದ. ಬಿಟ್ಟ ತಂತಿಯನ್ನು ಬಿಟ್ಟ ಹೆಂಡತಿ ಗುರುತಿಸದಿದ್ದರೆ ಇನ್ಯಾರು ಗುರುತಿಸಬೇಕು?

ಅಂದರೆ ನೀನು ಏನನ್ನೂ ಮರೆತಿಲ್ಲ. ಮನಸ್ಸಿನಲ್ಲೇ ಆ ಕುರ್ಚಿಯಲ್ಲಿ ಯಾರನ್ನು ಕೂರಿಸಿಕೊಂಡು ಅದನ್ನು ಬರೆದೆ ಎಂಬುದು ನನಗೆ ತಿಳಿಯಿತು. ಬಾಯಿಬಿಟ್ಟು ಒಂದು ಮಾತು ಕೇಳುವುದಕ್ಕೆ ಬದಲು ಊರಿನ ಅಷ್ಟೂ ಪಿಟೀಲುಗಳಿಗೆ ಕೆಲಸ ಕೊಟ್ಟೆಯಲ್ಲ, ಮಾರಾಯ.

ಈ ಬೆಳಿಗ್ಗೆ ಪ್ರೀಸ್‌ರ ದವಾಖಾನೆಗೇ ಹೋಗಿ ಆ ವರಸೆ ತೋರಿಸಿದೆ. ಅವರು ಪ್ರಯತ್ನಿಸಿದರು. ವಿಯೋಲಾ ಗಲ್ಲದಿಂದ ಜಾರಿ, ಹಲ್ಲು ಕೀಳುವ ಕುರ್ಚಿಯಲ್ಲಿ ಹೋಗಿ ಕೂತಿತು. “ಇದು ನನ್ನಿಂದಾಗಲ್ಲ ಮೇಡಂ. ಜನರ ಬಾಯಿ ಬಿಡಿಸಿ ಅಭ್ಯಾಸ ನನಗೆ, ನನ್ನ ಬಾಯಿ ಬಿಗಿಹಿಡಿದು ಅಭ್ಯಾಸ ಇಲ್ಲ,” ಎಂದರು.

ಆದ್ದರಿಂದ ವಿಷಯ ಇಷ್ಟೇ. ಗುರುವಾರ ಸಂಜೆಯೊಳಗೆ ಆ ಕುರ್ಚಿಗೆ ಗಟ್ಟಿ ಗಲ್ಲದವನೊಬ್ಬ ಬೇಕು, ಇಲ್ಲದಿದ್ದರೆ ನಿನ್ನ ಕೃತಿ ಹೋಯಿತು. ವೂಸ್ಟರ್ ಮಾರ್ಗದ ಮಧ್ಯಾಹ್ನದ ರೈಲಿಗೆ ಬಂದರೆ ಸಾಕು. ನಿನ್ನ ವಿಯೋಲಾ ಮೆಟ್ಟಿಲ ಕೆಳಗಿನ ಕಪಾಟಿನಲ್ಲೇ ಇದೆ. ಸಂಗೀತದ ಹಿತದೃಷ್ಟಿಯಿಂದ ಮಾತ್ರ ಬರೆಯುತ್ತಿದ್ದೇನೆ, ಬೇರೆ ಅರ್ಥ ಹುಡುಕಬೇಡ.

ಇಂತಿ,
ಹೊರಗಿನ ಕುರ್ಚಿಯ
ಹೆಸ್ಟರ್

ಮರೆತಿದ್ದೆ: ಪ್ರೀಸ್ ಎರಡನೇ ಸಲ ಅದನ್ನು ಸೊಗಸಾಗಿ ಮಾಡಿದರು, ಪುಟ ತಿರುಗಿದ್ದು ನನಗೇ ಕೇಳಿಸಲಿಲ್ಲ. ನೀನು ಬಂದರೂ ಬಾರದಿದ್ದರೂ ಶನಿವಾರ ನಿನ್ನ ಕೃತಿ ನಡೆಯುತ್ತದೆ. ಅವರು ವಿಯೋಲಾ ಒರೆಸಿಡುತ್ತ ನನ್ನ ಮುಖ ನೋಡಿ, “ಗುರುವಾರ ನನಗೇ ಹಲ್ಲುನೋವು ಬರೋ ಹಾಗಿದೆ, ಆ ಕುರ್ಚಿಗೆ ಬೇರೆ ಯಾರೂ ಬರದಿದ್ರೆ ತಾನಾಗೇ ವಾಸಿಯಾಗುತ್ತೆ. ಸಂಜೆವರೆಗೆ ಯಾರಿಗೂ ಹೇಳ್ಬೇಡಿ,” ಎಂದರು. ಹಾಗಾಗಿ ಆ ಸ್ವರಕ್ಕಾಗಿ ಬರಬೇಡ ಕ್ಲೆಮೆಂಟ್. ಸ್ವರ ಸಿಕ್ಕಿದೆ. ಕುರ್ಚಿ ಖಾಲಿ ಇದೆ.