ಹೂ ಡಾಕ್ಟರರ ಕೀಲಿಕೈ

ಹನ್ನೂರ, ತಾ. ಅಕ್ಕಲಕೋಟ
೧೨ ಫೆಬ್ರವರಿ ೨೦೨೫

ಬಂಡೆಪ್ಪಣ್ಣನಿಗೆ,

ತಂಗಿ ನೀಲಾಳ ನಮಸ್ಕಾರ. ಮೊಣಕಾಲಿನ ಆಪರೇಷನ್ ಆದ ಮೇಲೆ ಕೋಲು ಹಿಡಿದು ನಡೆಯುತ್ತೀಯಂತೆ, ನಿನ್ನ ಮಗ ಕೈಲಾಸ ಹೇಳಿದ. ಪುಣೆಯ ಥಂಡಿಯಲ್ಲಿ ಕಾಲು ಬೆಚ್ಚಗಿಟ್ಟುಕೋ. ಮಗಳ ಮನೆಯಲ್ಲಿ ಕಡಕ್ ರೊಟ್ಟಿ ಸಿಗದಿದ್ದರೆ ಹೇಳು, ಕಳಿಸುತ್ತೇನೆ. ನಾನು ಕ್ಷೇಮ ಅಂತ ಬರೆಯಲು ಮನಸ್ಸಿಲ್ಲ.

ಸೋಮವಾರ ಛಾಯಾ ಬಂದಿದ್ದಳು. ಸೊಲ್ಲಾಪುರದ ನವಿ ಪೇಠದಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದ, ಹೂ ಅನ್ನುವ ಚೀನಿ ಡಾಕ್ಟರರ ಮಗಳು, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಅವಳ ಚೀನಿ ಹೆಸರು ನಾಲಿಗೆಗೆ ಹೊರಳದೆ ಮಾಸ್ತರರು ಛಾಯಾ ಅಂತ ಬರೆದುಕೊಂಡಿದ್ದರಲ್ಲ! ಈಗ ಕಲ್ಕತ್ತಾದಲ್ಲಿದ್ದಾಳೆ. ನಮ್ಮ ಅಂಗಡಿಗೆ ಬಂದು ನಮ್ಮಪ್ಪನ ಹೆಸರು ಹೇಳಿದಳಂತೆ. ಕೈಲಾಸ ತಾನೇ ಇಲ್ಲಿಗೆ ಕರೆತಂದ. ತಲೆಯೆಲ್ಲ ಬೆಳ್ಳಗಾದ ಹೆಂಗಸು ಬಾಗಿಲಲ್ಲಿ ನಿಂತು, "ನೀಲಾ, ಗುರ್ತ ಸಿಕ್ತೇನ?" ಅಂದಳು.

ಅರವತ್ತೆರಡರಲ್ಲಿ ಚೀನಾದೊಡನೆ ಯುದ್ಧ ಹತ್ತಿದಾಗ ಪೊಲೀಸರು ಆ ಮನೆಯವರನ್ನೆಲ್ಲ ಶತ್ರು ದೇಶದವರೆಂದು ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು. ಡಾಕ್ಟರರು ಹುಟ್ಟಿದ್ದೇ ಸೊಲ್ಲಾಪುರದಲ್ಲಿ. ಚೀನಾವನ್ನು ಕಣ್ಣಿಂದ ಕಂಡವರಲ್ಲ. ಜೀಪು ಹತ್ತುವಾಗ ದವಾಖಾನೆಯ ಕೀಲಿಕೈಯನ್ನು ನಮ್ಮಪ್ಪನ ಕೈಗಿಟ್ಟು, "ಶಾಂತಲಿಂಗಪ್ಪ, ಎಂಟ ದಿನದಾಗ ಬರ್ತೀನಿ, ಅಲ್ಲೀತನಕ ನೋಡ್ಕೋ" ಅಂದರು. ಮೂರು ವರ್ಷವಾಯಿತು. ಅಷ್ಟರಲ್ಲಿ ಅಪ್ಪ ಹಲ್ಲು ಕೀಳುವ ಕುರ್ಚಿ ಮಾರಿ, ಬಟ್ಟೆ ಅಂಗಡಿ ಇಟ್ಟು, ಜಾಗವನ್ನು ಹೇಗೋ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ.

ಡಾಕ್ಟರರು ತಿರುಗಿ ಬಂದ ದಿನ ನಾವಿಬ್ಬರೂ ಅಂಗಡಿಯಲ್ಲೇ ಇದ್ದೆವು. "ಹೆಂಡ್ತಿ ಮಕ್ಳು ರೈಲ್ವೆ ಸ್ಟೇಶನ್‌ದಾಗ ಕುಂತಾರ, ಕೀಲಿ ಕೊಡು" ಅಂದರು. "ಯಾರ್ ನೀ? ಪೊಲೀಸರನ್ನ ಕರೀಲೇನು?" ಅಂದ ಅಪ್ಪ. ನೀನು ತಲೆ ಎತ್ತದೆ ಬಟ್ಟೆ ಅಳೆಯುತ್ತಲೇ ಇದ್ದೆ. ಬೇಕಾದಾಗ ಕುರುಡಾಗುವ ವಿದ್ಯೆ ನಮ್ಮ ಮನೆತನಕ್ಕೆ ಚೆನ್ನಾಗಿ ಬರುತ್ತದೆ.

ಛಾಯಾ ಜಾಗ ಕೇಳಲು ಬಂದವಳಲ್ಲ ಅಣ್ಣ, ಕೀಲಿ ಕಾಯ್ದ ಅಪ್ಪನ ಉಪಕಾರ ನೆನೆಯಲು ಬಂದವಳು. ಅಂದು ಡಾಕ್ಟರರು ಸ್ಟೇಶನ್ನಿಗೆ ಹೋಗಿ ಹೆಂಡತಿ ಮಕ್ಕಳಿಗೆ, ದವಾಖಾನೆ ಸರಕಾರಕ್ಕೆ ಜಪ್ತಿಯಾಗಿದೆ, ಶಾಂತಲಿಂಗಪ್ಪನೂ ಊರಲ್ಲಿಲ್ಲ ಅಂದರಂತೆ. ಜಾಗವನ್ನು ಅಪ್ಪ ಆಮೇಲೆ ಸರಕಾರದಿಂದ ಕೊಂಡ ಅಂತಲೇ ಅವಳು ತಿಳಿದಿದ್ದಳು. ಸಾಯುವ ತನಕ, "ಸೊಲ್ಲಾಪುರದಾಗ ನನಗ ಒಬ್ಬ ತಮ್ಮ ಅದಾನ" ಅನ್ನುತ್ತಿದ್ದರಂತೆ. ಅವಳು ನಮ್ಮಪ್ಪನ ಫೋಟೋಕ್ಕೆ ಕೈ ಮುಗಿದಳು. ನೋಡಲಾಗದೆ ಒಳಗೆ ಹೋದೆ. ಕೈಲಾಸ ತಿಳಿಸಿದ್ದಿರಬೇಕು, ಆಗಲೇ ನಿನ್ನ ಫೋನು ಬಂತು: "ಹಳೇದೇನೂ ಬಾಯಿ ಬಿಡಬ್ಯಾಡ, ಚಹಾ ಕುಡಿಸಿ ಕಳಸು."

ಸಿದ್ಧರಾಮೇಶ್ವರ ನಿನ್ನ ಕಾಲಿಗೆ ಬಲ ಕೊಡಲಿ. ಅತ್ತಿಗೆಗೆ ನೆನೆಸಿದೆನೆಂದು ಹೇಳು.

ನಿನ್ನ ತಂಗಿ,
ನೀಲಾಬಾಯಿ

ತಾ.ಕ.: ಹೇಳಿಬಿಟ್ಟೆ. ಕೈಲಾಸನ ಎದುರಿಗೇ ಹೇಳಿದೆ. ಅವತ್ತಿನಿಂದ ಅವನು ಅಂಗಡಿ ತೆರೆದಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ, ಅಂದು ಡಾಕ್ಟರರು ನನ್ನ ಕಡೆ ತಿರುಗಿ, "ನೀಲಾ, ನೀನರ ಹೇಳವಾ, ನಾ ಯಾರಂತ" ಅಂದಿದ್ದರು. "ನಂಗ ಗೊತ್ತಿಲ್ರಿ" ಅಂದಿದ್ದೆ. ಅದನ್ನೂ ಹೇಳಿದೆ. ಛಾಯಾ ಅಳಲಿಲ್ಲ, ಬೈಯಲಿಲ್ಲ. "ಅವತ್ತ ನಮ್ಮಪ್ಪಗ ಕುಡ್ಯಾಕ ನೀರರ ಕೊಟ್ಟಿದ್ರೇನು?" ಅಂತ ಅದೊಂದನ್ನೇ ಕೇಳಿದಳು. ಕೊಟ್ಟಿರಲಿಲ್ಲ ಅಣ್ಣ.